ಪಚ್ಚೆ ಅಲ್ರೀ, ಟೂರ್ಮಲಿನ್

ನನ್ನ ಬಲಗೈ ಉಂಗುರದ ಬೆರಳಿನಲ್ಲಿರುವ ಹಸಿರು ಹರಳು ಪಚ್ಚೆಯಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಆಕ್ಲೆಂಡಿನಲ್ಲಿ ಯಾವ ಕನ್ನಡದವರ ಮನೆಗೆ ಹೋದರೂ ಚಪ್ಪಲಿ ಬಿಡುವಷ್ಟರಲ್ಲಿ ಈ ವಿಷಯ ಇತ್ಯರ್ಥವಾಗಬೇಕು. 'ಪಚ್ಚೆ ಹಾಕ್ಕೊಂಡಿದೀರಾ, ಬುಧ ಸರಿಯಿಲ್ವಾ?' ಅನ್ನುವವರು ಬೆಂಗಳೂರು, ಮೈಸೂರಿನವರು. 'ಯಾರ ಹೇಳಿದ್ರು ಹಾಕ್ಕೊಳ್ಳಾಕ?' ಅನ್ನುವವರು ನಮ್ಮ ಧಾರವಾಡದ ಕಡೆಯವರು. ಹರಳು ಅಂದರೆ ಅದಕ್ಕೊಂದು ಗ್ರಹ ಇರಬೇಕು, ಗ್ರಹ ಅಂದರೆ ಒಬ್ಬ ಜ್ಯೋತಿಷಿ ಇರಬೇಕು, ಜ್ಯೋತಿಷಿ ಅಂದರೆ ಮನೆಯಲ್ಲೊಂದು ತೊಂದರೆ ಇರಬೇಕು. ಹೆಂಗಸೊಬ್ಬಳು ಬಣ್ಣ ಸೇರಿತು ಅಂತ ಹಾಕಿಕೊಂಡಿದ್ದಾಳೆ ಅನ್ನುವುದು ಯಾರ ತಲೆಗೂ ಹೋಗುವುದಿಲ್ಲ. ಅದರಲ್ಲೂ ನನ್ನಂಥ ಹೆಂಗಸು. ನನ್ನ ಗಂಡ ತೀರಿಕೊಂಡಿದ್ದಾರೆ.

ಹಸಿರು ನಮ್ಮಲ್ಲಿ ಗಂಡನ ಜೊತೆ ಬರುವ ಬಣ್ಣ. ಮದುವೆಗೆ ಹಸಿರು ಬಳೆ, ಬಸಿರಿಗೆ ಹಸಿರು ಸೀರೆ, ಉಡಿ ತುಂಬುವಾಗ ಹಸಿರು ಖಣ. ಅವರು ಹೋದ ದಿನ, ಸುಡುವ ಜಾಗದ ಹೊರಗೆ ಕಾರಿನ ಹಿಂದಿನ ಸೀಟಿನಲ್ಲಿ ನನ್ನನ್ನು ಕೂರಿಸಿ, ಯಾರೋ ಒಬ್ಬ ಆಂಟಿ ಕೈಯ ಬಳೆಗಳನ್ನೆಲ್ಲ ತೆಗೆದರು. ನನಗೆ ಕೈ ಇದೆ ಅನ್ನುವುದೇ ಆಗ ಗೊತ್ತಿರಲಿಲ್ಲ. ಆಮೇಲೆ ಯಾರೂ ಬಾಯಿಬಿಟ್ಟು 'ನಿಮಗೆ ಹಸಿರು ಬೇಡ' ಅನ್ನಲಿಲ್ಲ. ಇಲ್ಲಿರುವವರೆಲ್ಲ ಓದಿದವರು, ಹಾಗೆಲ್ಲ ಅನ್ನುವುದಿಲ್ಲ. ಕೊಡುವುದನ್ನು ನಿಲ್ಲಿಸಿದರು, ಅಷ್ಟೆ. ನವರಾತ್ರಿಯಲ್ಲಿ ಅರಿಸಿನ ಕುಂಕುಮಕ್ಕೆ ಕರೆಯುತ್ತಿದ್ದರು. ಉಳಿದವರಿಗೆಲ್ಲ ಬಳೆ, ರವಿಕೆ ಬಟ್ಟೆ ಕೊಟ್ಟು, ನನ್ನ ಕೈಗೆ ಮಾತ್ರ ಚಾಕೊಲೇಟ್ ಡಬ್ಬಿ ಇಟ್ಟು 'ಆಂಟಿ, ನಿಮಗೆ ಸ್ಪೆಷಲ್' ಎಂದು ನಗುತ್ತಿದ್ದರು. ಎಷ್ಟು ಚಾಕೊಲೇಟ್ ತಿಂದೆನೋ ದೇವರಿಗೇ ಗೊತ್ತು. ನನಗೆ ನನ್ನ ಗಂಡ ಬೇಕಾಗಿತ್ತು. ಇವತ್ತಿಗೂ ಬೇಕು. ಆದರೆ ಅವರ ಹಿಂದೆ ಒಂದು ಬಣ್ಣವನ್ನೂ ಕಳಿಸಿಕೊಡಬೇಕು ಅನ್ನುವ ಮಾತು ನನಗೆ ಹಿಡಿಸಲಿಲ್ಲ.

ಶನಿವಾರ ಮನೆಯಲ್ಲಿ ಒಬ್ಬಳೇ ಕೂರಲಾರದೆ ಒನೆಹುಂಗಾದಲ್ಲಿ ಹರಳು ಕಡಿಯುವವರ ಒಂದು ಕ್ಲಬ್ಬಿಗೆ ಸೇರಿದೆ. ಅಂಗಡಿ ಬೀದಿಯ ಹಿಂದೆ, ಗ್ಯಾರೇಜುಗಳ ಸಾಲಿನಲ್ಲಿ ಒಂದು ತಗಡಿನ ಶೆಡ್ಡು. ಒಳಗೆ ತಿರುಗುವ ಗಾಲಿಗಳ ಸದ್ದು, ಒದ್ದೆ ಕಲ್ಲಿನ ವಾಸನೆ, ಮೇಜಿನ ಮೇಲೆ ಬಿಸ್ಕತ್ತಿನ ಡಬ್ಬಿ. ನನ್ನನ್ನು ಬಿಟ್ಟರೆ ಉಳಿದವರೆಲ್ಲ ಕೆಲಸದಿಂದ ನಿವೃತ್ತರಾದ ಕಿವಿಗಳು. ನ್ಯೂಜಿಲೆಂಡಿನವರಿಗೆ ಕಿವಿ ಅನ್ನುವುದು ಕನ್ನಡದಲ್ಲಿ ಬರೆದಾಗಲೆಲ್ಲ ನನಗೆ ನಗು ಬರುತ್ತದೆ. ಆದರೆ ಈ ಜನ ನಿಜವಾಗಿಯೂ ಕೇಳಿಸಿಕೊಳ್ಳುವವರು, ಹೆಚ್ಚು ಪ್ರಶ್ನೆ ಕೇಳುವವರಲ್ಲ. ಗಂಡ ಎಲ್ಲಿ, ಯಾಕೆ ಒಬ್ಬಳೇ ಬಂದೆ ಎಂದು ಅಲ್ಲಿ ಒಬ್ಬರೂ ಕೇಳಲಿಲ್ಲ. ನನಗೆ ಕಲಿಸಿದವರು ಒಬ್ಬ ದಂತವೈದ್ಯೆ. ಜನ್ಮವಿಡೀ ಹಲ್ಲು ಕೊರೆದಾಕೆ. ಕಲ್ಲು ಕಿರುಚುವುದಿಲ್ಲ ಅನ್ನುವುದೇ ಅವರಿಗೆ ಈ ವಯಸ್ಸಿನಲ್ಲಿ ದೊಡ್ಡ ಸುಖವಂತೆ.

ಈ ಟೂರ್ಮಲಿನ್ ನನಗೆ ಸಿಕ್ಕಿದ್ದು ಅಲ್ಲೇ, ಮಾರಾಟಕ್ಕಿಟ್ಟ ಒರಟು ಕಲ್ಲುಗಳ ತಟ್ಟೆಯಲ್ಲಿ. ಮುರಿದ ಪೆನ್ಸಿಲ್ ತುಂಡಿನಷ್ಟಿತ್ತು, ಮೈತುಂಬ ಉದ್ದುದ್ದ ಗೀರುಗಳು. ಬದಿಯಿಂದ ಬೆಳಕಿಗೆ ಹಿಡಿದರೆ ಹಸಿರು. ತುದಿಯಿಂದ ನೋಡಿದರೆ ಕಪ್ಪು, ಆಳದ ಬಾವಿಯೊಳಗೆ ಇಣುಕಿದ ಹಾಗೆ. ನಾನು ಅದನ್ನು ತಿರುಗಿಸಿ ತಿರುಗಿಸಿ ನೋಡಿದೆ. ಈ ಕಲ್ಲಿನ ಗುಣವೇ ಅದು, ಯಾವ ಕಡೆಯಿಂದ ನೋಡುತ್ತೀಯೋ ಆ ಬಣ್ಣ ಎಂದು ದಂತವೈದ್ಯೆ ಹೇಳಿದರು. ಹಸಿರು ಕಾಣುವ ಬದಿಯನ್ನು ಮೇಲೆ ತರಬೇಕು, ಎರಡೂ ತುದಿಗಳನ್ನು ತುಂಬ ಕಡಿದಾಗಿ ಇಳಿಸಬೇಕು. ಇಲ್ಲದಿದ್ದರೆ ತುದಿಯ ಕಪ್ಪು ಒಳಗೆಲ್ಲ ಹರಡಿ ಹರಳೇ ಮಂಕಾಗುತ್ತದೆ.

ಮನುಕಾವ್‌ನ ಒಂದು ಆಫೀಸಿನಲ್ಲಿ ಮಳೆನೀರಿನ ಪೈಪುಗಳ ನಕ್ಷೆ ಮಾಡುವುದು ನನ್ನ ಕೆಲಸ. ಇಳಿಜಾರು ಅಂದರೆ ನನಗೆ ಅನ್ನ ಹಾಕುವ ವಿಷಯ. ಆದ್ದರಿಂದ ಇದೇನು ಮಹಾ ಅಂದುಕೊಂಡೆ. ಕಲ್ಲನ್ನು ಹಿತ್ತಾಳೆ ಕಡ್ಡಿಯ ತುದಿಗೆ ಅರಗಿನಿಂದ ಅಂಟಿಸಿ, ನೀರು ತೊಟ್ಟಿಕ್ಕುವ ಗಾಲಿಗೆ ಮೆಲ್ಲಗೆ ತಾಗಿಸಿ, ಒಂದೊಂದೇ ಸಪಾಟು ಮುಖ ಮೂಡಿಸಬೇಕು. ಆತುರದಿಂದ ಒತ್ತಿದರೆ ಅಂಚಿನಲ್ಲಿ ಚಕ್ಕೆ ಏಳುತ್ತದೆ. ನಾನು ಒತ್ತಿದೆ, ಚಕ್ಕೆ ಎದ್ದಿತು. ಆ ತುದಿಯನ್ನು ಪೂರ್ತಿ ಇಳಿಸಿ ಮತ್ತೆ ಮೊದಲಿಂದ ಹಿಡಿದೆ, ಹರಳು ಚಿಕ್ಕದಾಯಿತು. ಕೊನೆಗೆ ಉದ್ದ ಚೌಕದ ಆಕಾರ ಬಂತು. ಕತ್ತರಿಸಿದ ಮೂಲೆಗಳು, ಸುತ್ತ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಮುಖಗಳು. ಆ ಆಕಾರಕ್ಕೆ ಪೇಟೆಯಲ್ಲಿ ಎಮರಾಲ್ಡ್ ಕಟ್ ಅನ್ನುತ್ತಾರೆ ಎಂದು ಗೊತ್ತಾದಾಗ ನಗುವೂ ಬಂತು, ಸಿಟ್ಟೂ ಬಂತು. ಎಮರಾಲ್ಡ್ ಅಂದರೆ ಪಚ್ಚೆ ತಾನೇ? ಒನೆಹುಂಗಾದ ತಗಡಿನ ಶೆಡ್ಡಿನಲ್ಲೂ ಪಚ್ಚೆ ನನ್ನ ಬೆನ್ನು ಬಿಡಲಿಲ್ಲ.

ಪಚ್ಚೆಯ ಮೇಲೆ ನನಗೆ ಹಗೆಯಿಲ್ಲ. ಅದರದು ಸುತ್ತಲಿನವರಿಗೆ ಕೇಳಿಸುವ ಹಾಗೆ ಮಾತಾಡುವ ಹಸಿರು. ನನ್ನ ಹರಳಿನದು ಹಾಗಲ್ಲ. ಬೆಳಗ್ಗೆ ಕಿಟಕಿಯ ಬೆಳಕಿನಲ್ಲಿ ಸ್ವಲ್ಪ ನೀಲಿಗೆ ವಾಲುತ್ತದೆ. ಸಂಜೆ ದೀಪ ಹಾಕಿದ ಮೇಲೆ ಹಳದಿಗೆ ತಿರುಗಿ ಕರಿಬೇವಿನ ಚಿಗುರಿನ ಹಾಗಾಗುತ್ತದೆ. ಆಕ್ಲೆಂಡಿನ ಮೋಡದ ದಿನಗಳಲ್ಲಿ ಬಲಿತ ಕರಿಬೇವು. ಕೈ ಆಡಿಸಿದರೆ ಒಂದು ಮುಖದಲ್ಲಿ ಬೆಳಕು ಆರಿ ಇನ್ನೊಂದರಲ್ಲಿ ಹತ್ತಿಕೊಳ್ಳುತ್ತದೆ. ಒಳಗೆ ಒಂದು ಕಡೆ ಕೂದಲೆಳೆಯಂಥ ಗೀಟು ಇದೆ. ಅಕ್ಕಸಾಲಿಗನಾದರೆ ಕಡಿದು ಎಸೆಯುತ್ತಿದ್ದ, ನಾನು ಬಿಟ್ಟೆ. ಬಿಸಿಲಿಗೆ ಬೆಚ್ಚಗಾದರೆ ಇದು ಧೂಳನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ಆಫೀಸಿನ ಕಿಟಕಿಯ ಪಕ್ಕ ಕೂತರೆ, ಸೆರಗಿಲ್ಲದ ನಾನು ಆಗಾಗ ಅದನ್ನು ಅಂಗಿಯ ತೋಳಿಗೆ ಒರೆಸಿಕೊಳ್ಳುತ್ತಿರುತ್ತೇನೆ. ಪೇಟೆಯ ಪಚ್ಚೆಗಳ ಬಿರುಕಿಗೆ ಎಣ್ಣೆ ತುಂಬಿರುತ್ತಾರೆ, ಪಾತ್ರೆ ತೊಳೆಯುವಾಗ ತೆಗೆದಿಡಬೇಕು. ನಾನು ನನ್ನದನ್ನು ಹಾಕಿಕೊಂಡೇ ಪಾತ್ರೆ ತೊಳೆಯುತ್ತೇನೆ.

ಆಫೀಸಿನಲ್ಲಿ ಜೊತೆಗೆ ಕೆಲಸ ಮಾಡುವ ಹುಡುಗಿಯೊಬ್ಬಳು ಇದು ಪೌನಮುವೇ ಎಂದು ಕೇಳಿದಳು. ಪೌನಮು ಅಂದರೆ ಮಾಓರಿ ಜನ ಕೆತ್ತಿ ಕೊರಳಿಗೆ ಹಾಕಿಕೊಳ್ಳುವ ಇಲ್ಲಿನ ಹಸಿರು ಕಲ್ಲು. ಅದನ್ನು ತನಗೆ ತಾನೇ ಕೊಂಡುಕೊಳ್ಳಬಾರದು, ಇನ್ನೊಬ್ಬರು ಕೊಡಬೇಕು ಎಂದು ಹಲವರು ಹೇಳುತ್ತಾರೆ. ಅದು ಅವರ ರೀತಿ, ನನಗೆ ಅದರ ಮೇಲೆ ಗೌರವವಿದೆ. ನನಗೆ ಹಸಿರು ಕೊಡುವವರು ಯಾರೂ ಉಳಿದಿರಲಿಲ್ಲ, ಆದ್ದರಿಂದ ನಾನೇ ನನಗೆ ಕೊಟ್ಟುಕೊಂಡೆ ಎಂದು ಅವಳಿಗೆ ಹೇಳಿದೆ. ಅವಳು 'ಗುಡ್ ಆನ್ ಯೂ' ಅಂದು ಕಾಫಿ ತರಲು ಹೋದಳು.

ಹೀಗಿರುವಾಗ ಮಗಳು ಬಸುರಿಯಾದಳು. ಒಬ್ಬಳೇ ಮಗಳು. ಇಲ್ಲೇ ಹುಟ್ಟಿ ಬೆಳೆದವಳು, ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಅಳಿಯ ಮೈಸೂರಿನವರ ಮಗ. ಅವರದು ತಕಾನಿನಿಯಲ್ಲಿ ಹೊಸ ಮನೆ. ಬೀದಿಯಲ್ಲಿರುವುದೆಲ್ಲ ಒಂದೇ ಬೂದು ಬಣ್ಣದ ಮನೆಗಳಾದ್ದರಿಂದ ನಾನು ಪ್ರತಿ ಸಲವೂ ಪಕ್ಕದ ಮನೆಯ ಬೆಲ್ ಒತ್ತುತ್ತೇನೆ. ಹೆರಿಗೆಗೆಂದು ಮೈಸೂರಿನಿಂದ ಬೀಗರು ಬಂದಿದ್ದರು. ಬೀಗತಿಯ ತಾಯಿಯೂ ಜೊತೆಗೆ ಬಂದಿದ್ದರು, ಎಂಬತ್ತು ದಾಟಿದ ಅಜ್ಜಿ. ಮರಿಮಗುವನ್ನು ನೋಡಿಯೇ ಸಾಯುತ್ತೇನೆ ಎಂದು ಹಟ ಹಿಡಿದು ವಿಮಾನ ಹತ್ತಿದವರು. ಅವರಿಗೂ ಗಂಡ ಇಲ್ಲ, ಬಹಳ ವರ್ಷಗಳಿಂದ.

ನಮ್ಮ ಕಡೆ ಬಸುರಿಗೆ ಕುಬಸ ಮಾಡುತ್ತೇವೆ. ತವರಿನವರು ಹಸಿರು ಸೀರೆ, ಕುಬಸ ಅಂದರೆ ರವಿಕೆ, ಹಸಿರು ಗಾಜಿನ ಬಳೆ ಒಯ್ದು, ಮಗಳನ್ನು ಮಣೆಯ ಮೇಲೆ ಕೂರಿಸಿ ಉಡಿ ತುಂಬುತ್ತಾರೆ. ತಾಯಿ ತನ್ನ ಕೈಯಾರೆ ಬಳೆ ಇಡಿಸುತ್ತಾಳೆ. ಬೀಗರು ಇದನ್ನು ಸೀಮಂತ ಅನ್ನುತ್ತಾರೆ. ಹೆಸರು ಏನಾದರೂ ಇರಲಿ, ಈ ದೇಶದಲ್ಲಿ ನನ್ನ ಮಗಳಿಗೆ ತವರು ಅಂದರೆ ನಾನೊಬ್ಬಳೇ. ಅವಳ ಕೈಗೆ ಆ ಬಳೆಗಳನ್ನು ನಾನೇ ಇಡಿಸಬೇಕು. ನನಗೆ ಬೇಕಾಗಿದ್ದು ಅಷ್ಟೆ, ಅದಕ್ಕಿಂತ ಒಂದು ಗುಲಗಂಜಿ ಕಮ್ಮಿಯಾದರೂ ನಾನು ಒಪ್ಪುವವಳಾಗಿರಲಿಲ್ಲ.

ಕಾರ್ಯಕ್ರಮದ ಮಾತಾಡಲು ಬೀಗತಿ ನನ್ನನ್ನು ಕರೆದರು. ಚಹಾ ಕೊಟ್ಟರು, ಕೋಡುಬಳೆ ಕೊಟ್ಟರು, ಎದುರಿಗೆ ಕೂತು ಸೀರೆಯ ನಿರಿಗೆ ಸರಿಮಾಡಿಕೊಂಡರು. ಕೆಟ್ಟವರಲ್ಲ. ನನ್ನ ಮಗಳ ಕಾಲು ಊದಿದರೆ ತಾವೇ ನೀವಿಕೊಡುವವರು. ಅದಕ್ಕೇ ಅವರ ಮಾತು ನನಗೆ ಹೆಚ್ಚು ಚುಚ್ಚಿತು.

'ರೀ, ಬೇಜಾರು ಮಾಡ್ಕೋಬೇಡಿ. ನಾವು ಅಂಥದ್ದೆಲ್ಲ ನಂಬೋರಲ್ಲ. ಆದ್ರೆ ಬರೋರು ನಾಲ್ಕು ಮಾತಾಡ್ತಾರೆ, ಮಗೂಗೆ ಯಾಕೆ ಬೇಕು ಅಂತ. ತವರಿನ ಕಡೆಯಿಂದ ಬಳೆ ತೊಡಿಸೋಕೆ ನಮಗೆ ಪರಿಚಯದ ಒಬ್ಬ ಮುತ್ತೈದೆ ಬರ್ತಾರೆ. ನೀವು ಆರತಿ ಆದ್ಮೇಲೆ ಬಂದು ಅಕ್ಷತೆ ಹಾಕಿ. ಉಂಗುರದ ಯೋಚನೆ ಮಾಡ್ಬೇಡಿ. ಪಚ್ಚೆ, ಬುಧನ ಪರಿಹಾರಕ್ಕೆ ಹಾಕ್ಕೊಂಡಿದಾರೆ ಅಂತ ಎಲ್ಲರಿಗೂ ನಾನೇ ಹೇಳಿದೀನಿ. ಔಷಧಿ ಇದ್ದ ಹಾಗೆ ಅದು, ಯಾರೂ ತಪ್ಪು ತಿಳ್ಕೊಳ್ಳಲ್ಲ.'

ಅಂದರೆ ಇಷ್ಟು ದಿನ ನನ್ನ ಕೈಯ ಹಸಿರನ್ನು ಎಲ್ಲರೂ ಸಹಿಸಿಕೊಂಡಿದ್ದು ಯಾಕೆ ಎಂದು ನನಗೆ ಆಗ ಗೊತ್ತಾಯಿತು. ಪಚ್ಚೆ ಎಂದು ತಪ್ಪು ತಿಳಿದಿದ್ದರು. ಆ ತಪ್ಪಿನ ನೆರಳಿನಲ್ಲಿ ನನಗೊಂದು ಮಣೆ ಹಾಕಿಟ್ಟಿದ್ದರು. ಸುಮ್ಮನೆ ತಲೆಯಾಡಿಸಿದ್ದರೆ ಸಾಕಿತ್ತು, ಉಂಗುರವೂ ಉಳಿಯುತ್ತಿತ್ತು, ನಂಟಸ್ತಿಕೆಯೂ ಉಳಿಯುತ್ತಿತ್ತು. ನನ್ನ ಮೈಯೆಲ್ಲ ಉರಿಯಿತು.

'ಪಚ್ಚೆ ಅಲ್ರೀ ಇದು, ಟೂರ್ಮಲಿನ್' ಅಂದೆ. 'ಯಾವ ಗ್ರಹಕ್ಕೂ ಅಲ್ಲ. ನನಗ ಬಣ್ಣ ಸೇರ್ತು. ನಾನ ಕಡದೇನಿ, ನಾನ ಹಾಕ್ಕೊಂಡೇನಿ.'

ಬೀಗತಿಯ ಕೈಯ ಚಹಾದ ಕಪ್ ಅರ್ಧ ದಾರಿಯಲ್ಲೇ ನಿಂತಿತು. 'ಹಾಗಂದ್ರೆ... ಸುಮ್ನೆ ಹಾಕ್ಕೊಂಡಿದೀರಾ?'

'ಹೂಂನ್ರಿ, ಸುಮ್ನ. ಮತ್ತ ಮಗಳಿಗೆ ಬಳಿನೂ ನಾನ ಇಡಸ್ತೀನಿ.'

'ನೋಡೋಣ ರೀ' ಅಂದರು. ನೋಡೋಣ ಅಂದರೆ ಆಗುವುದಿಲ್ಲ ಎಂದರ್ಥ, ಅದು ಧಾರವಾಡದಲ್ಲೂ ಹಾಗೆಯೇ, ಮೈಸೂರಿನಲ್ಲೂ ಹಾಗೆಯೇ. ಮೂಲೆಯ ಕುರ್ಚಿಯಲ್ಲಿ ಶಾಲು ಹೊದ್ದು ಕೂತಿದ್ದ ಅಜ್ಜಿ ಮಾತ್ರ 'ಎಲ್ಲಿ, ಕೈ ಕೊಡಮ್ಮ' ಎಂದು ಕರೆದರು. ನನ್ನ ಬೆರಳನ್ನು ಕಣ್ಣಿನ ಹತ್ತಿರಕ್ಕೆ ಎಳೆದುಕೊಂಡು, ಕಿಟಕಿಯ ಕಡೆಗೆ ತಿರುಗಿಸಿ, ಹರಳನ್ನು ಬಹಳ ಹೊತ್ತು ನೋಡಿದರು. ಅವರು ಬುಧನ ಸುದ್ದಿ ಎತ್ತಲಿಲ್ಲ. 'ಎಷ್ಟು ಚೆನ್ನಾಗಿದೆ' ಅಂದರು, ಆಮೇಲೆ ಕೈ ಬಿಟ್ಟರು.

ಮಗಳು ನನ್ನನ್ನು ಕಾರಿನವರೆಗೆ ಬಿಡಲು ಬಂದಳು. 'ಅಮ್ಮಾ, ಜಸ್ಟ್ ಸೇ ಇಟ್ಸ್ ಫಾರ್ ದ ಪ್ಲಾನೆಟ್. ಹೂ ಕೇರ್ಸ್?' ಅಂದಳು.

'ಪ್ಲಾನೆಟ್ ಸಲುವಾಗಿ ಅಂದ್ರ ಈ ಕೈಗೆ ಏನೋ ರೋಗ ಅದ ಅಂತ ಒಪ್ಕೊಂಡಂಗ. ಇದಽ ಕೈಲೆ ನಿನ್ನ ಎರದು, ಉಣಿಸಿ ದೊಡ್ಡಾಕಿ ಮಾಡೇನಿ.'

ಅವಳು ಕಾರಿನ ಬಾಗಿಲು ಹಿಡಿದು ನಿಂತಳು. ಊದಿದ ಕಾಲಿಗೆ ಗಂಡನ ದೊಡ್ಡ ಚಪ್ಪಲಿ ಹಾಕಿಕೊಂಡಿದ್ದಳು. ತನ್ನ ಹೊಟ್ಟೆಯ ಮೇಲೆ ಯಾರೂ ಜಗಳ ಆಡುವುದು ತನಗೆ ಬೇಡ ಎಂದು ಇಂಗ್ಲಿಷಿನಲ್ಲಿ ಹೇಳಿದಳು. ಅವಳ ಪಾಡು ನನಗೆ ಅರ್ಥವಾಗಲಿಲ್ಲ ಎಂದಲ್ಲ. ನಾನು ಮನೆಗೆ ಹೋಗುತ್ತೇನೆ, ಅವಳು ಆ ಮನೆಯಲ್ಲೇ ಇರಬೇಕು. ಆದರೂ ನಾನು ಮಾತು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. 'ಜಗಳ ಆಡೂದಿಲ್ಲವಾ, ಬಳಿ ಇಡಸ್ತೀನಿ ಅಷ್ಟ' ಎಂದು ಕಾರು ತೆಗೆದೆ.

ಕಾರ್ಯಕ್ರಮದ ದಿನ, ಭಾನುವಾರ ಬೆಳಗ್ಗೆ, ಹಸಿರು ಇಳಕಲ್ ಸೀರೆ, ಕುಬಸ, ಬಳೆ, ಹಣ್ಣು, ಕೊಬ್ಬರಿ ಬಟ್ಟಲು ಎಲ್ಲ ಜೋಡಿಸಿಕೊಂಡು ಹೋದೆ. ಹಜಾರದ ತುಂಬ ಜನ, ಬಾಗಿಲಲ್ಲಿ ಶೂಗಳ ಗುಡ್ಡೆ. ಗಂಡಸರೆಲ್ಲ ಹಿತ್ತಲಲ್ಲಿ ನಿಂತು ಮನೆಸಾಲದ ಬಡ್ಡಿಯ ಮಾತಾಡುತ್ತಿದ್ದರು. ಅಜ್ಜಿ ಕಾಣಲಿಲ್ಲ. ಕೇಳಿದೆ. 'ಅವರಿಗೆ ಗದ್ದಲ ಆಗಲ್ಲ, ರೂಮಲ್ಲಿ ಮಲಗಿದಾರೆ' ಅಂದರು ಬೀಗತಿ. ಹಜಾರದ ಪಕ್ಕದ ಕೋಣೆಯ ಬಾಗಿಲು ಮುಚ್ಚಿತ್ತು. ಆ ಬಾಗಿಲು ಗದ್ದಲಕ್ಕೆ ಹಾಕಿದ್ದಲ್ಲ ಎಂದು ನನಗೆ ಗೊತ್ತಿತ್ತು.

ಮಗಳು ಹಸಿರು ಸೀರೆ ಉಟ್ಟು ಮಣೆಯ ಮೇಲೆ ಕೂತಳು. ನೋಡಿದರೆ ಎದೆ ತುಂಬಿ ಬಂತು. ನನ್ನ ಬದಲಿಗೆಂದು ಕರೆಸಿದ್ದ ಮುತ್ತೈದೆ ಸಾಫ್ಟ್‌ವೇರ್ ಕೆಲಸದ ಹುಡುಗಿ, ನನ್ನ ಮಗಳಿಗಿಂತ ನಾಲ್ಕೈದು ವರ್ಷ ದೊಡ್ಡವಳಿರಬಹುದು. ಬಳೆಯ ತಟ್ಟೆ ಹಿಡಿದುಕೊಂಡು, ಮುಂದೇನು ಮಾಡಬೇಕು ಎಂದು ಯಾರದೋ ಮುಖ ನೋಡುತ್ತಿದ್ದಳು. ನಾನು ಎದ್ದು ಹೋದೆ.

'ತಂಗಿ, ಇತ್ತ ಕೊಡವಾ' ಅಂದೆ. ಅವಳು ಬಿಸಿ ಪಾತ್ರೆ ಇಳಿಸಿದವರ ಹಾಗೆ ತಟ್ಟೆಯನ್ನು ನನ್ನ ಕೈಗೆ ಕೊಟ್ಟಳು.

ಎಲ್ಲರೂ ಮೊದಲು ನನ್ನ ಕೈ ನೋಡಿದರು, ಆಮೇಲೆ ಬೀಗತಿಯ ಮುಖ ನೋಡಿದರು. ಬೀಗತಿ ನಗಲು ನೋಡಿದರು. 'ಅದು ಪರಿಹಾರಕ್ಕೆ ಹಾಕ್ಕೊಂಡಿರೋ ಪಚ್ಚೆ, ದೋಷ ಎಲ್ಲ ಹೋಗಿರತ್ತೆ' ಎಂದು ಸುತ್ತಲಿನವರಿಗೆ ಹೇಳಿದರು. ನನ್ನನ್ನು ಕಾಪಾಡಲೆಂದೇ ಹೇಳಿದರು, ಅದೂ ನನಗೆ ಗೊತ್ತು. ಅದನ್ನು ಹಿಡಿದುಕೊಂಡಿದ್ದರೆ ಆ ದಿನ ನಾನು ನಿರಾಳವಾಗಿ ಬಳೆ ಇಡಿಸಿ, ಊಟ ಮಾಡಿ ಮನೆಗೆ ಬರಬಹುದಿತ್ತು.

'ಪರಿಹಾರಕ್ಕಲ್ರೀ' ಅಂದೆ, ಎಲ್ಲರಿಗೂ ಕೇಳುವ ಹಾಗೆ. 'ನನ್ನ ಗಂಡ ಸತ್ತಾರ. ಅದಕ್ಕ ಯಾವ ಹರಳಿನಿಂದನೂ ಪರಿಹಾರ ಇಲ್ಲ. ನನಗ ದೋಷ ಏನೂ ಇಲ್ಲ. ನಾ ಈಕಿ ತಾಯಿ.'

ಕೂತೆ. ಮಗಳ ಎಡಗೈ ಹಿಡಿದೆ. ಕೈ ಊದಿತ್ತು, ಬೆವೆತಿತ್ತು. ಮೊದಲನೆಯ ಬಳೆ ಹೆಬ್ಬೆರಳ ಗಂಟಿನವರೆಗೆ ಬಂದು ಸಿಕ್ಕಿಕೊಂಡಿತು. ಸಿಟ್ಟಿನ ಕೈ, ನಾನು ಸ್ವಲ್ಪ ಒತ್ತಿದೆ. ಟಿಕ್ ಎಂದು ಎರಡು ತುಂಡಾಗಿ ಮಣೆಯ ಮೇಲೆ ಬಿತ್ತು.

ನಮ್ಮಲ್ಲಿ ಬಳೆ ಒಡೆಯಿತು ಅನ್ನುವುದಿಲ್ಲ, ಆ ಮಾತೇ ಅಪಶಕುನ. ಹೆಚ್ಚಿತು ಅನ್ನಬೇಕು. 'ಹೆಚ್ಚಿತು ಅನ್ನಿ, ಹೆಚ್ಚಿತು ಅನ್ನಿ' ಎಂದು ಹಿಂದಿನಿಂದ ಒಬ್ಬ ಆಂಟಿ ಅವಸರ ಮಾಡಿದರು. ಬಸುರಿಯ ಕೈಯ ಬಳೆ, ಅದೂ ಗಂಡ ಸತ್ತವಳ ಕೈಯಲ್ಲಿ. ಎಲ್ಲರೂ ಏನು ಅಂದುಕೊಳ್ಳುತ್ತಿದ್ದಾರೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು, ಒಂದು ಕ್ಷಣ ನಾನೂ ಅದನ್ನೇ ಅಂದುಕೊಂಡೆ. ಆಮೇಲೆ ನನ್ನ ಮೇಲೆ ನನಗೇ ರೇಗಿತು.

'ಒಡೀತು' ಅಂದೆ. 'ಗಾಜು. ಗಾಜು ಒಡೀತದ.'

ಮಗಳು ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ತುಂಡುಗಳನ್ನು ಇನ್ನೊಂದು ಕೈಯಿಂದ ಪಕ್ಕಕ್ಕೆ ಸರಿಸಿ, ನನ್ನ ಮುಖ ನೋಡಿ, 'ನೆಕ್ಸ್ಟ್ ಒನ್, ಅಮ್ಮಾ' ಅಂದಳು. ನಾನು ಅವಳ ಹೆಬ್ಬೆರಳನ್ನು ಅಂಗೈಯೊಳಗೆ ಮಡಿಸಿ, ಆತುರ ಬಿಟ್ಟು, ಒಂದೊಂದಾಗಿ ಇಡಿಸಿದೆ. ಎಡಗೈ ಆಯಿತು, ಬಲಗೈ ಆಯಿತು. ಯಾರೂ ಹಾಡಲಿಲ್ಲ. ಬಳೆಗಳ ಸದ್ದು ಬಿಟ್ಟರೆ ಹಜಾರದಲ್ಲಿ ಬೇರೆ ಸದ್ದಿರಲಿಲ್ಲ. ಮೂಲೆಯಲ್ಲಿ ಇಬ್ಬರು ಎದ್ದು ಅಡಿಗೆಮನೆಗೆ ಹೋದರು. ಹೋಗಲಿ ಬಿಡು ಅಂದುಕೊಂಡೆ.

ಅಷ್ಟರಲ್ಲಿ ಪಕ್ಕದ ಕೋಣೆಯ ಬಾಗಿಲು ತೆರೆಯಿತು. ಅಜ್ಜಿ ಶಾಲು ಇಲ್ಲದೆ, ಗೋಡೆ ಹಿಡಿದುಕೊಂಡು ಹೊರಗೆ ಬಂದರು. ಬೀಗತಿ ಓಡಿಹೋಗಿ ತೋಳು ಹಿಡಿದರು. 'ಅಮ್ಮ, ಯಾಕೆ ಎದ್ದು ಬಂದ್ರಿ? ಇನ್ನೂ ಆರತಿ ಆಗಿಲ್ಲ.'

'ಸದ್ದು ಕೇಳಿಸ್ತು' ಅಂದರು ಅಜ್ಜಿ. 'ನಿನ್ನ ಸೀಮಂತದ ದಿನಾನೂ ಕೇಳಿಸಿತ್ತು. ನನ್ನನ್ನ ಅಡಿಗೆಮನೇಲಿ ಪಾಯಸ ತಿರುವೋಕೆ ಕೂರಿಸಿದ್ರು. ಆಚೆ ಯಾರೋ ನಿನ್ನ ಕೈಗೆ ಬಳೆ ಹಾಕ್ತಾ ಇದ್ರು. ಯಾರು ಹಾಕಿದ್ದು ಅಂತ ಇವತ್ತಿಗೂ ನಂಗೆ ಗೊತ್ತಿಲ್ಲ.'

'ಅಮ್ಮ, ಈಗ ಯಾಕೆ ಅದೆಲ್ಲ? ಜನ ಇದಾರೆ.'

'ಅವತ್ತೂ ಜನ ಇದ್ರು. ನಿಂಗೆ ನಾನೇ ಹಾಕ್ಬೇಕು ಅಂತ ಆಸೆ ಇತ್ತು ಕಣೇ. ಕೇಳೋಕೆ ಧೈರ್ಯ ಸಾಲಲಿಲ್ಲ. ನೀನೂ ಕರೀಲಿಲ್ಲ.'

ಬೀಗತಿ ತಾಯಿಯ ತೋಳು ಬಿಟ್ಟರು. ನಾನು ಅವರ ಮುಖ ನೋಡಬಾರದು ಅಂದುಕೊಂಡೆ, ಆದರೂ ನೋಡಿದೆ. ಬೆಳಗ್ಗೆಯಿಂದ ಎಲ್ಲರನ್ನೂ ಎಲ್ಲೆಲ್ಲಿ ಕೂರಿಸಬೇಕು ಎಂದು ನಿಭಾಯಿಸುತ್ತಿದ್ದ ಹೆಂಗಸು, ಈಗ ತಾನು ಎಲ್ಲಿ ನಿಲ್ಲಬೇಕು ಎಂದು ತಿಳಿಯದೆ ನಿಂತಿದ್ದರು. ಆಮೇಲೆ ತಾಯಿಯನ್ನು ನಡೆಸಿಕೊಂಡು ಬಂದು ಕುರ್ಚಿಯಲ್ಲಿ ಕೂರಿಸಿದರು. ತಾವು ನನ್ನ ಮಗಳ ಪಕ್ಕದಲ್ಲಿ ನೆಲದ ಮೇಲೆ ಕೂತು, ಕೈಯಲ್ಲಿದ್ದ ಚಿನ್ನದ ಬಳೆಗಳನ್ನು ಮೊಣಕೈ ಕಡೆಗೆ ಸರಿಸಿ, ತಾಯಿಯ ಮುಂದೆ ಎರಡೂ ಕೈ ಚಾಚಿದರು.

ಅಜ್ಜಿಗೆ ಕಣ್ಣು ಮಸುಕು. ಬಳೆಗಳು ಎಲ್ಲಿವೆ ಎಂದು ಗಾಳಿಯಲ್ಲಿ ತಡಕಿದರು. ನಾನು ಉಳಿದ ಬಳೆಗಳ ತಟ್ಟೆಯನ್ನು ಅವರ ಕೈಗೆ ತಾಗುವ ಹಾಗೆ ಹಿಡಿದೆ.